ಮುಳುಗುವ ಹನಿ

ಅಟ್ಟೂರು
೧೧ ಫೆಬ್ರವರಿ ೨೦೨೪

ಪ್ರೀತಿಯ ಬಾನು,

ನಿನ್ನ ಫೋನ್ ನನ್ನ ಕರೆಗಳನ್ನು ಒಳಗೆ ಬಿಡುತ್ತಿಲ್ಲ. ಒಂದು ಸಲ ರಿಂಗಾಗಿ ಕಡಿದುಹೋಗುತ್ತದೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರಬೇಕು ಎಂದು ನಿರಂಜನ್ ಹೇಳಿದರು. ಗಂಡಂದಿರಿಗೆ ಇಂಥ ವಿಷಯ ಬೇಗ ಗೊತ್ತಾಗುತ್ತದೆ. ಅದಕ್ಕೇ ಸೋಲದೇವನಹಳ್ಳಿಯ ನಿನ್ನ ಸ್ಕೂಲಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕನ್ನಡ ಮೇಷ್ಟ್ರಮ್ಮನಿಗೆ ಇಂಗ್ಲಿಷ್ ಮೀಡಿಯಂನವಳ ಕನ್ನಡ. ಇಂಗ್ಲಿಷಿನಲ್ಲಿ ಬರೆದಿದ್ದರೆ ಸುಲಭವಾಗುತ್ತಿತ್ತು, ಆದರೆ ಸುಲಭವಾಗಿ ಬರೆಯಬಾರದು ಅನ್ನಿಸಿತು.

ಜನವರಿ ಇಪ್ಪತ್ತೊಂಬತ್ತು, ಸೋಮವಾರ, ನನ್ನ ಸರದಿ. ನಾಲ್ಕು ತಿಂಗಳಿಗೊಮ್ಮೆ ಬರುವ ಸರದಿ. ಸೋಮವಾರ ನಾನು ರಕ್ತ ಕೊಡುವುದು, ಪರೀಕ್ಷೆಗಳೆಲ್ಲ ಮುಗಿದು ಗುರುವಾರ ಅದು, ಹುಟ್ಟಿನಿಂದಲೇ ಮೈಯಲ್ಲಿ ರಕ್ತ ಸಾಲದ ನಿನ್ನ ಮಗಳು ಜೋಯಾಳ ಮೈಗೆ ಇಳಿಯುವುದು. ಒಂಬತ್ತು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಲಾಕ್‌ಡೌನಿನಲ್ಲೂ ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಪೊಲೀಸರಿಗೆ ಆಸ್ಪತ್ರೆಯ ಚೀಟಿ ತೋರಿಸಿ ಬಂದಿದ್ದೆ. ಆ ಸೋಮವಾರ ಮಾತ್ರ ‘ಬರಲು ಆಗುತ್ತಿಲ್ಲ, ಸಾರಿ’ ಎಂದು ಒಂದು ಸಾಲು ಕಳಿಸಿ ಫೋನ್ ಆಫ್ ಮಾಡಿದೆ.

ಅದಾದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಯಲಹಂಕ ಕೆರೆಯ ಏರಿಯ ಮೇಲೆ ನಡೆಯುತ್ತೇನೆ. ಮಂಜು ಇನ್ನೂ ಕರಗಿರುವುದಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಹೊತ್ತು. ಏರ್‌ಫೋರ್ಸಿನ ವಿಮಾನವೊಂದು ಕಾಣದೆಯೇ ಸದ್ದು ಮಾಡಿ ಹೋಗುತ್ತದೆ. ನಾನು ನಡೆಯುತ್ತಿದ್ದೇನೋ ಅಥವಾ ನಡೆಯುತ್ತಿರುವ ಯಾರನ್ನೋ ನೋಡುತ್ತಿದ್ದೇನೋ ಗೊತ್ತಾಗುವುದಿಲ್ಲ. ಹೊಟ್ಟೆಯ ಬಲಗಡೆ ಏನೋ ಒಂದು ನನ್ನ ಜೊತೆಗೆ ನಡೆಯುತ್ತಿರುವಂತೆ ಅನ್ನಿಸುತ್ತದೆ.

ಜೋಯಾ ಹೇಗಿದ್ದಾಳೆ ಎಂಬ ಒಂದು ಸಾಲು ಸಾಕು.

ನಿನ್ನ
ಪದ್ಮಶ್ರೀ

•

ಅಬ್ಬಿಗೆರೆ
೨೬ ಫೆಬ್ರವರಿ ೨೦೨೪

ಪದ್ಮಕ್ಕನಿಗೆ,

ಪತ್ರ ತಲುಪಿತು. ಕೆರೆ ಚೆನ್ನಾಗಿದೆ, ಮಂಜು ಚೆನ್ನಾಗಿದೆ. ನೀವು ಯಾಕೆ ಬರಲಿಲ್ಲ ಎಂಬುದು ಅದರಲ್ಲಿಲ್ಲ.

ಜೋಯಾ ಹೇಗಿದ್ದಾಳೆ ಎಂದು ಕೇಳಿದ್ದೀರಿ. ಈಗ ಚೆನ್ನಾಗಿದ್ದಾಳೆ. ಆ ಗುರುವಾರ ಅವಳಿಗೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸ್ಟಾಕಿನಲ್ಲಿ ಬಿ ನೆಗೆಟಿವ್ ಇರಲಿಲ್ಲ. ನನ್ನ ತಮ್ಮ ಅನ್ವರ್ ಹನ್ನೊಂದು ಜನಕ್ಕೆ ಫೋನ್ ಮಾಡಿದ. ಆಟೋ ಓಡಿಸುವ ಆಂಜಿನಪ್ಪನವರು ಚಿಕ್ಕಬಾಣಾವರದಿಂದ ಬಂದು ಕೊಟ್ಟರು. ಅಷ್ಟರಲ್ಲಿ ಐದು ದಿನ ಕಳೆದಿತ್ತು, ಆರಕ್ಕಿಂತ ಕೆಳಗೆ ಬಂದಿತ್ತು. ಬಚ್ಚಲಿಗೆ ಹೋಗಿ ಬರುವಷ್ಟಕ್ಕೇ ಗೋಡೆ ಹಿಡಿದು ನಿಲ್ಲುತ್ತಿದ್ದಳು. ‘ಅಮ್ಮಿ, ಪದ್ಮಾ ಖಾಲಾಗೆ ಏನೋ ಆಗಿದೆ’ ಎಂದು ಅವಳು ಸ್ವಂತ ದೊಡ್ಡಮ್ಮನ ಬಗ್ಗೆ ಹೇಳುವಂತೆ ಹೇಳುತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು.

ಕಾರಣ ನನಗೆ ಗೊತ್ತು ಅಂದುಕೊಂಡಿದ್ದೇನೆ. ಮನೆಯ ವಿಷಯ. ಡಿಸೆಂಬರಿನಲ್ಲಿ ನಿಮ್ಮ ಎದುರಿನ ಗಂಗರತ್ನಮ್ಮನವರ ಮಹಡಿ ಮನೆ ಖಾಲಿಯಿದೆ, ಅಬ್ಬಿಗೆರೆಗಿಂತ ಆಸ್ಪತ್ರೆಗೆ ಹತ್ತಿರ ಎಂದು ನೀವೇ ಹೇಳಿದಿರಿ. ನಾನು ಬಂದು ನೋಡಿದೆ. ಅವರು ಎರಡು ದಿನ ಬಿಟ್ಟು ಇಲ್ಲ ಎಂದರು. ನನಗೆ ಅದು ಐದನೆಯ ‘ಇಲ್ಲ’, ಅಭ್ಯಾಸವಾಗಿದೆ. ಅದಕ್ಕೆ ನಿಮ್ಮನ್ನು ದೂರಿದವಳಲ್ಲ. ಆದರೆ ನಿಮಗೆ ನನ್ನ ಮುಖ ನೋಡಲು ಮುಜುಗರವಾಗಿ, ಆ ಮುಜುಗರವನ್ನು ಮಗುವಿನ ಮೇಲೆ ತೀರಿಸಿಕೊಂಡಿರಿ ಅನ್ನಿಸಿದಾಗ ಫೋನ್ ಬ್ಲಾಕ್ ಮಾಡಿದೆ.

ತಪ್ಪಾಗಿದ್ದರೆ ತಿದ್ದಿ.

ಶಹರ್‌ಬಾನು

•

ಅಟ್ಟೂರು
೩ ಮಾರ್ಚ್ ೨೦೨೪

ಪ್ರೀತಿಯ ಬಾನು,

ತಿದ್ದುತ್ತೇನೆ. ನನ್ನ ಬಲ ಮೂತ್ರಪಿಂಡದಲ್ಲಿ ಒಂದು ಗೆಡ್ಡೆ ಇದೆ. ಐದು ಸೆಂಟಿಮೀಟರ್. ಸ್ಕ್ಯಾನಿನಲ್ಲಿ ದುಂಡಗೆ, ಅಂಚು ನೀಟಾಗಿ, ಯಾರೋ ತಂದಿಟ್ಟು ಮರೆತುಹೋದ ನಿಂಬೆಹಣ್ಣಿನಂತೆ ಕಾಣುತ್ತದೆ. ಇದು ಗೊತ್ತಾದದ್ದು ಜನವರಿ ಇಪ್ಪತ್ತೇಳರ ಶನಿವಾರ, ನನ್ನ ಸರದಿಗೆ ಎರಡು ದಿನ ಮುಂಚೆ.

ಒಂದು ವರ್ಷದಿಂದ ತಲೆನೋವು ಬರುತ್ತಿತ್ತು. ಮುಖ ಕೆಂಪಗೆ ಇರುತ್ತಿತ್ತು. ಬಿಸಿನೀರು ಹಾಕಿಕೊಂಡರೆ ಮೈಯೆಲ್ಲ ಕಡಿತ. ಸೊಂಟದ ಬಲಗಡೆ ನೋವೂ ಅಲ್ಲದ ಒಂದು ಭಾರ. ವಯಸ್ಸು ಎಂದುಕೊಂಡೆ. ನಲವತ್ತೈದಕ್ಕೆ ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಬಹುದು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಹದಿನೆಂಟು. ‘ಗಂಡಸರಿಗೂ ಇಷ್ಟಿರಲ್ಲ ಮೇಡಂ, ಏನ್ ತಿಂತೀರಿ?’ ಎಂದು ಲ್ಯಾಬಿನ ಹುಡುಗಿ ನಕ್ಕಳು. ನಾನೂ ನಕ್ಕೆ. ಡಾಕ್ಟರು ನಗಲಿಲ್ಲ, ಸ್ಕ್ಯಾನ್ ಬರೆದರು.

ಮೂತ್ರಪಿಂಡವು ಮೂಳೆಯೊಳಗಿನ ಮಜ್ಜೆಗೆ ‘ರಕ್ತ ಮಾಡು’ ಎಂದು ಹೇಳಿ ಕಳಿಸುವ ಒಂದು ರಸವಿದೆಯಂತೆ. ಕೆಲವು ಗೆಡ್ಡೆಗಳು ಅದನ್ನು ತಾವೇ ತಯಾರಿಸಿ, ಹೊತ್ತಿಲ್ಲ ಗೊತ್ತಿಲ್ಲ, ಸುಮ್ಮನೆ ಹೇಳಿ ಕಳಿಸುತ್ತಿರುತ್ತವಂತೆ. ಹಾಗಾಗಿ ನನ್ನಲ್ಲಿ ರಕ್ತ ಹೆಚ್ಚು. ಇದು ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು. ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ತೆಗೆದು ನೋಡಬೇಕು ಎನ್ನುತ್ತಾರೆ. ಮಾರ್ಚ್ ಹತ್ತೊಂಬತ್ತಕ್ಕೆ ಆಪರೇಷನ್.

ಬ್ಲಡ್ ಬ್ಯಾಂಕಿನ ಸರ್ದಾರ್ ನೆನಪಾಗುತ್ತಾರೆ. ಬೆರಳು ಚುಚ್ಚಿ, ಮೈಲುತುತ್ತದ ಆ ನೀಲಿ ನೀರಿಗೆ ನನ್ನ ಒಂದು ಹನಿ ಬಿಡುತ್ತಿದ್ದರಲ್ಲ. ಹನಿ ಮುಳುಗಿದರೆ ರಕ್ತ ಗಟ್ಟಿ, ಕೊಡಬಹುದು; ತೇಲಿದರೆ ಮನೆಗೆ. ‘ನೋಡಿ ನೋಡಿ, ಕಲ್ಲು ಬಿದ್ದಂಗೆ ಹೋಯ್ತು, ಆನೆ ರಕ್ತ ಮೇಡಂದು!’ ಎಂದು ಪಕ್ಕದವರಿಗೆಲ್ಲ ತೋರಿಸುತ್ತಿದ್ದರು. ನನಗೆ ಒಳಗೊಳಗೇ ಎಷ್ಟು ಹೆಮ್ಮೆ! ಆ ನೀಲಿ ನೀರು ಸಾಲದೇ ಎಂದು ಮಾತ್ರ ಕೇಳುತ್ತದೆ, ಬಾನು. ಹೆಚ್ಚಾಯಿತೇ ಎಂದು ಅದಕ್ಕೆ ಕೇಳಲು ಬರುವುದಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಆ ಭಾನುವಾರ ಇಡೀ ದಿನ ಒಂದೇ ಯೋಚನೆ: ನನ್ನೊಳಗಿನದು ಎಷ್ಟು ವರ್ಷದಿಂದ ಇದೆ, ಅದರಲ್ಲಿ ಎಷ್ಟು ಜೋಯಾಳೊಳಗೆ ಹೋಗಿದೆ. ನಿನಗೆ ಹೇಳುವುದೆಂದರೆ ಇದನ್ನು ಹೇಳುವುದು. ಫೋನ್ ಆಫ್ ಮಾಡುವುದು ಸುಲಭವಾಗಿ ಕಂಡಿತು.

ನಿನ್ನ
ಪದ್ಮಶ್ರೀ

•

ಅಬ್ಬಿಗೆರೆ
೯ ಮಾರ್ಚ್ ೨೦೨೪

ಪದ್ಮಕ್ಕ,

ಪತ್ರ ಓದಿ ಮೂರು ಪಿರಿಯಡ್ ಪಾಠ ಮಾಡಿದೆ. ಏನು ಮಾಡಿದೆನೋ ಮಕ್ಕಳೇ ಹೇಳಬೇಕು. ಸಂಜೆ ಜೋಯಾಳ ಡಾಕ್ಟರ ಬಳಿಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಅಮ್ಮ, ಬೇರೆಯವರ ಜೀವಕೋಶಕ್ಕೆ ನಿಮ್ಮ ಮಗಳ ಮೈಯಲ್ಲಿ ಬೇರು ಬಿಡೋಕೆ ಆಗಲ್ಲ. ಲಕ್ಷಗಟ್ಟಲೆ ಜನರನ್ನ ನೋಡಿ ಹೇಳಿರೋ ಮಾತಿದು. ಹೆದರ್ಬೇಡಿ, ಹೋಗಿ ಮಲಗಿ’ ಎಂದರು. ಮನೆಗೆ ಬಂದೆ. ಮಲಗಲಿಲ್ಲ.

ನೀವು ಎರಡು ದಿನ ಒಬ್ಬರೇ ಹೆದರಿದಿರಿ ಎಂಬುದಕ್ಕೆ ಅಳು ಬಂತು. ನನ್ನ ಮಗಳ ವಿಷಯದಲ್ಲಿ ನಾನು ಏನು ತಿಳಿಯಬೇಕು, ಏನು ತಿಳಿಯಬಾರದು ಎಂದು ಐದು ವಾರ ನೀವೇ ತೀರ್ಮಾನಿಸಿದಿರಿ ಎಂಬುದಕ್ಕೆ ಸಿಟ್ಟೂ ಬಂತು. ಎರಡೂ ಒಂದೇ ಸಲ. ಕನ್ನಡ ಪಂಡಿತೆ ಆದರೂ ಇದಕ್ಕೊಂದು ಪದ ಸಿಗಲಿಲ್ಲ.

ಒಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಬೇರೆಯವರ ರಕ್ತ ಜೋಯಾಗೆ ಮೂರು ವಾರ ಬರುತ್ತದೆ. ನಿಮ್ಮದು ನಾಲ್ಕು ವಾರ ತಡೆಯುತ್ತಿತ್ತು. ನಾವು ಅದನ್ನು ‘ಪದ್ಮಾ ಖಾಲಾ ತಿಂಗಳು’ ಎನ್ನುತ್ತಿದ್ದೆವು. ಆ ತಿಂಗಳಲ್ಲಿ ಅವಳು ಮೆಟ್ಟಿಲು ಹತ್ತಿ ಟೆರೇಸಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದಳು. ಈಗ ನೋಡಿದರೆ ಆಡಿಸುತ್ತಿದ್ದದ್ದು ಆ ಗೆಡ್ಡೆ. ಅದಕ್ಕೆ ಶಾಪ ಹಾಕಬೇಕೆಂದರೆ ಆ ಬ್ಯಾಡ್ಮಿಂಟನ್ ನೆನಪಾಗುತ್ತದೆ.

ಹತ್ತೊಂಬತ್ತಕ್ಕೆ ನಮಾಜಿನಲ್ಲಿ ನೆನೆಯುತ್ತೇನೆ. ಫೋನ್ ಇನ್ನೂ ಬ್ಲಾಕ್ ಇದೆ. ಪತ್ರದಲ್ಲಿ ನೀವು ಹೆಚ್ಚು ನಿಜ ಹೇಳುತ್ತೀರಿ.

ಬಾನು

•

ಅಟ್ಟೂರು
೭ ಏಪ್ರಿಲ್ ೨೦೨೪

ಪ್ರೀತಿಯ ಬಾನು,

ಬದುಕಿದ್ದೇನೆ. ಮೂತ್ರಪಿಂಡವೂ ಮುಕ್ಕಾಲು ಭಾಗ ಉಳಿದಿದೆ. ಗೆಡ್ಡೆಯನ್ನು ಮಾತ್ರ ಕಿತ್ತು ತೆಗೆದರು.

ಅರಿವಳಿಕೆ ಕೊಡುವವರು ‘ಒಂದರಿಂದ ಎಣಿಸ್ತಾ ಬನ್ನಿ’ ಎಂದರು. ಮೂರರವರೆಗೆ ನೆನಪಿದೆ. ಆಮೇಲೆ ನಾನು ನೀರಿನೊಳಗಿದ್ದೆ. ನಮ್ಮ ಕೆರೆಯಲ್ಲ, ಬಣ್ಣವಿಲ್ಲದ, ಉಗುರುಬೆಚ್ಚಗಿನ ನೀರು. ನನಗೆ ಕೈಯಿರಲಿಲ್ಲ, ಕಾಲಿರಲಿಲ್ಲ, ಅದರಿಂದ ಬೇಸರವೂ ಇರಲಿಲ್ಲ. ದೂರದಲ್ಲಿ ಯಾರದೋ ಎದೆಬಡಿತ ಕೇಳುತ್ತಿತ್ತು. ಯಾರೋ ನನಗೆ ಹೆಸರಿಡಬೇಕೆಂದು ಯೋಚಿಸುತ್ತಿದ್ದರು, ಇನ್ನೂ ಇಟ್ಟಿರಲಿಲ್ಲ. ಎಚ್ಚರವಾದಾಗ ನಿರಂಜನ್ ‘ಪದ್ಮಾ’ ಎಂದು ಕರೆದರೆ ಅದು ಬೇರೆಯವರ ಹೆಸರಿನಂತೆ ಕೇಳಿಸಿತು.

ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಒಂದು ಲ್ಯಾಬಿನಿಂದ ಇನ್ನೊಂದು ಲ್ಯಾಬಿಗೆ, ಬೇರೆ ಬೇರೆ ಬಣ್ಣ ಹಾಕಿ ನೋಡಿದರಂತೆ. ಕ್ಯಾನ್ಸರ್ ಅಲ್ಲ. ಮೆಟಾನೆಫ್ರಿಕ್ ಅಡಿನೋಮ ಎಂಬ ತೀರಾ ಅಪರೂಪದ, ಕೇಡಿಲ್ಲದ ಗೆಡ್ಡೆ. ಬಂದರೆ ಹೆಚ್ಚಾಗಿ ನನ್ನ ವಯಸ್ಸಿನ ಹೆಂಗಸರಿಗೆ ಬರುತ್ತದಂತೆ. ಅವರಲ್ಲೂ ಎಲ್ಲರಿಗೂ ಹೀಗೆ ರಕ್ತ ಹೆಚ್ಚುವುದಿಲ್ಲ, ಎಷ್ಟೋ ಜನಕ್ಕೆ ಯಾವ ಸೂಚನೆಯೂ ಇರುವುದಿಲ್ಲ. ಪೂರ್ತಿ ತೆಗೆದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ.

ಡಾಕ್ಟರಮ್ಮ ಒಳ್ಳೆಯವರು, ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಪುಟ್ಟ ಪುಟ್ಟ ಕೋಶಗಳು, ಎಲ್ಲ ಒಂದೇ ಅಳತೆ, ಒತ್ತೊತ್ತಾಗಿ ರಾಗಿ ಹರವಿದಂತೆ. ‘ಇವು ನೋಡೋಕೆ ಹುಟ್ಟೋದಕ್ಕೆ ಮುಂಚಿನ ಮೂತ್ರಪಿಂಡದ ಥರ ಇವೆ. ತಾಯಿ ಹೊಟ್ಟೇಲಿ ಅಂಗ ರೂಪ ತಗೊಳ್ಳೋವಾಗ ಹೀಗಿರುತ್ತೆ’ ಎಂದರು. ಅಂದರೆ ನಲವತ್ತೈದು ವರ್ಷದ ನನ್ನೊಳಗೆ ಇನ್ನೂ ಹುಟ್ಟದ ಒಂದು ಮೂಲೆ. ನಾನು ಓದಿದೆ, ಮದುವೆಯಾದೆ, ಪಠ್ಯಪುಸ್ತಕಗಳ ಕರಡು ತಿದ್ದಿ ತಲೆ ಬೆಳ್ಳಗೆ ಮಾಡಿಕೊಂಡೆ. ಅದು ಮಾತ್ರ ಕಣ್ಣು ಮುಚ್ಚಿಕೊಂಡು, ತಾನಿನ್ನೂ ಆ ನೀರಿನಲ್ಲೇ ಇದ್ದೇನೆ ಎಂಬಂತೆ, ರಕ್ತ ಬೇಕು ರಕ್ತ ಬೇಕು ಎನ್ನುತ್ತಿತ್ತು. ತೆಗೆದು ಬಿಸಾಡಿದ ಮೇಲೆ ಅದರ ಬಗ್ಗೆ ಅಯ್ಯೋ ಅನ್ನಿಸಿತು. ಇದನ್ನು ನಿರಂಜನ್‌ಗೆ ಹೇಳಿದರೆ ‘ಮಾತ್ರೆ ಜಾಸ್ತಿಯಾಗಿದೆ ಕಣೇ ನಿಂಗೆ’ ಎಂದರು.

ಹಗಲೆಲ್ಲ ಮಂಪರು. ಈಗ ಇಷ್ಟೇ.

ನಿನ್ನ
ಪದ್ಮಶ್ರೀ

•

ಅಬ್ಬಿಗೆರೆ
೧೪ ಏಪ್ರಿಲ್ ೨೦೨೪

ಪದ್ಮಕ್ಕ,

ಅಲ್‌ಹಮ್ದುಲಿಲ್ಲಾ. ಗುರುವಾರ ಈದ್ ಆಯಿತು. ಅನ್ವರ್ ಕೈಯಲ್ಲಿ ಶಾವಿಗೆ ಕಳಿಸಿದ್ದೇನೆ, ಬಾದಾಮಿ ಕಡಿಮೆ ಹಾಕಿದ್ದೇನೆ. ನಿಮ್ಮ ಡಾಕ್ಟರನ್ನು ಕೇಳಿ ತಿನ್ನಿ. ಕೇಳದೆ ತಿನ್ನುತ್ತೀರಿ ಎಂದು ಗೊತ್ತು.

ಜೋಯಾ ಕೆಳಗೆ ಬರೆಯುತ್ತಾಳಂತೆ.

ಬಾನು

ಖಾಲಾ, ನೀವು ಹುಷಾರಾದ್ರಾ? ಅಮ್ಮಿ ಎಲ್ಲ ಓದಿ ಹೇಳಿದರು. ನಿಮ್ಮೊಳಗೆ ಒಂದು ಬೇಬಿ ಕಿಡ್ನಿ ಇತ್ತು, ಅದು ನನಗೋಸ್ಕರ ಓವರ್‌ಟೈಮ್ ಮಾಡ್ತಿತ್ತು ಅಂತ ನಾನು ಕ್ಲಾಸಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ಭಾಗ್ಯಶ್ರೀ ಮಾತ್ರ ನಂಬಿದಳು, ಅವಳು ಎಲ್ಲಾ ನಂಬ್ತಾಳೆ. – ಜೋಯಾ

•

ಅಟ್ಟೂರು
೨೩ ಜೂನ್ ೨೦೨೪

ಪ್ರೀತಿಯ ಬಾನು,

ಎರಡು ತಿಂಗಳು ಬರೆಯಲಿಲ್ಲ. ನಿನ್ನ ಶಾವಿಗೆಯ ಡಬ್ಬಿ ತೊಳೆದು ಶೆಲ್ಫಿನಲ್ಲಿ ಇಟ್ಟಿದ್ದೇನೆ. ಖಾಲಿ ಹಿಂದಿರುಗಿಸಬಾರದು, ಏನಾದರೂ ತುಂಬಿ ಕೊಡಬೇಕು. ಏನು ತುಂಬಲಿ ಎಂದು ತಿಳಿಯಲಿಲ್ಲ.

ಹೋದ ಸೋಮವಾರ ಬ್ಲಡ್ ಬ್ಯಾಂಕಿಗೆ ಹೋಗಿದ್ದೆ. ಸರ್ದಾರ್ ‘ಅಯ್ಯೋ ಬನ್ನಿ ಮೇಡಂ, ಎಷ್ಟ್ ದಿನ ಆಯ್ತು! ಆದ್ರೆ ದೊಡ್ಡ ಆಪರೇಷನ್ ಆದ್ಮೇಲೆ ಒಂದ್ ವರ್ಷ ನಾವ್ ತಗೊಳ್ಳಲ್ಲ’ ಎಂದರು. ಕೊಡಲು ಬಂದಿಲ್ಲ, ಹನಿ ನೋಡಬೇಕು ಎಂದೆ. ವಿಚಿತ್ರವಾಗಿ ನೋಡಿ ಬೆರಳು ಚುಚ್ಚಿದರು. ನೀಲಿ ನೀರಿಗೆ ಬಿದ್ದ ಹನಿ ಅರ್ಧಕ್ಕೆ ಇಳಿದು, ಯಾರೋ ಕರೆದಂತೆ ನಿಂತು, ನಿಧಾನವಾಗಿ ಮೇಲಕ್ಕೆ ಬಂತು. ಸರ್ದಾರ್ ಪಕ್ಕದವರಿಗೆ ತೋರಿಸಲಿಲ್ಲ. ‘ಸೊಪ್ಪು ತಿನ್ನಿ ಮೇಡಂ’ ಎಂದಷ್ಟೇ ಹೇಳಿದರು. ನಿನ್ನ ಹನಿ ಯಾವಾಗಲೂ ತೇಲುತ್ತದೆ, ಹೆತ್ತ ಮಗಳಿಗೇ ಕೊಡಲಾಗುವುದಿಲ್ಲ ಎಂದು ಮೊದಲ ವರ್ಷ ನೀನು ಹೇಳಿದಾಗ ನಾನು ಕರುಣೆಯಿಂದ ನಿನ್ನ ಕೈ ಹಿಡಿದಿದ್ದೆ. ಆ ಕರುಣೆ ನೆನೆದರೆ ಈಗ ಮೈ ಹಿಡಿಯಷ್ಟಾಗುತ್ತದೆ.

ದಾನಿ ಎಂಬ ಹೆಸರಿನೊಳಗೆ ನಾನು ಒಂಬತ್ತು ವರ್ಷ ಆರಾಮವಾಗಿದ್ದೆ. ನನ್ನಲ್ಲಿ ಹೆಚ್ಚಾಗಿದ್ದನ್ನು ಕೊಟ್ಟೆ. ಕೊಟ್ಟ ದಿನ ತಲೆನೋವು ಇಳಿಯುತ್ತಿತ್ತು, ಅದನ್ನು ಪುಣ್ಯದ ಹಗುರ ಎಂದುಕೊಂಡೆ. ಜೋಯಾಗೆ ರಕ್ತ ಏರುವಾಗ ಒಂದೇ ಒಂದು ಸಲ ಬಂದಿದ್ದೆ, ಅವಳಿಗೆ ಆರು ವರ್ಷ. ಆ ಸಣ್ಣ ಕೈಯಲ್ಲಿ ಸೂಜಿ ಕಂಡು, ಮೀಟಿಂಗ್ ಇದೆ ಎಂದು ಎದ್ದುಹೋದೆ. ಅದಾದ ಮೇಲೆ ಎಂದೂ ಬರಲಿಲ್ಲ. ನೀನು ಎಂದೂ ಕೇಳಲಿಲ್ಲ.

ಇನ್ನೊಂದಿದೆ. ಅದನ್ನು ಬರೆಯಲಾಗದೆಯೇ ಈ ಎರಡು ತಿಂಗಳು ಹೋಯಿತು.

ಮೊನ್ನೆ ಗಂಗರತ್ನಮ್ಮನವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು. ಬಾನು ನನಗೆ ತಂಗಿಯ ಹಾಗೆ, ಆ ಮಹಡಿ ಮನೆ ಅವಳಿಗೆ ಕೊಡಬೇಕಿತ್ತು ಅಮ್ಮ, ಎಂದೆ. ಅವರ ಕೈ ನಿಂತಿತು.

‘ಈಗ್ ಬಂದ್ ಯೋಳ್ತಿದೀಯಲ್ಲವ್ವ! ಯಾರೋ ಸೋಲದೇವನಳ್ಳಿ ಕಾಲೇಜ್ನೋರು ಬಂದು ಆರ್ ತಿಂಗ್ಳಾಯ್ತು. ಅವತ್ತು ನಾನೇ ನಿನ್ ಮನೆಗಂಟ ಬಂದು ಕೇಳ್ಲಿಲ್ವಾ, ಈವಮ್ಮ ನಿಂಗೆ ಗೊತ್ತೇನವ್ವ ಅಂತ? ನೀನೇನಂದೆ?’

ನಾನು ಒಂದು ಬೀಜ ಎತ್ತಿಕೊಂಡು ಸುಲಿಯತೊಡಗಿದೆ.

‘ಪರಿಚಯ ಅಷ್ಟೇ ಅಂದೆ. ನನ್ಗೇನ್ ಜಾತಿಗೀತಿ ಆಗ್ಬೇಕಾಗಿರ್ಲಿಲ್ಲ ಕಣವ್ವ. ಒಲ ಮಾರೋವಾಗ್ಲೂ ಅಷ್ಟೇ, ಮನೆ ಕೊಡೋವಾಗ್ಲೂ ಅಷ್ಟೇ, ಊರಲ್ಲಿರೋರ್ ಒಬ್ರು ಊಂ ಅನ್ಬೇಕು. ಅದು ನಮ್ಮಾವನ ಕಾಲ್ದಿಂದ್ಲೂ ಇಂಗೇ. ನೀನೇ ಊಂ ಅನ್ನಿಲ್ಲ ಅಂದ್ಮೇಲೆ ನಾನ್ ಎಂಗವ್ವ ಅನ್ಲಿ?’

ಅವರು ಹೇಳಿದ್ದು ಪೂರ್ತಿ ನಿಜವೋ, ನಾಚಿಕೆ ಮುಚ್ಚಲು ಹೇಳಿದ್ದೋ ನನಗೆ ಗೊತ್ತಿಲ್ಲ. ನಾನು ಹೇಳಿದ್ದು ಮಾತ್ರ ಗೊತ್ತು. ಹೌದು, ಬಾನು. ಪರಿಚಯ ಅಷ್ಟೇ, ಅಂದೆ. ಯಾಕೆ ಅಂದೆ ಎಂದು ಆರು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಮ್ಮ ಬೀದಿಯಲ್ಲಿ ನಾಳೆ ಯಾರಾದರೂ ಏನಾದರೂ ಅಂದರೆ ಜವಾಬು ನಾನು ಕೊಡಬೇಕಾಗುತ್ತದೆ ಎಂಬ ಪುಕ್ಕಲುತನ, ಇನ್ನೇನಿಲ್ಲ. ದ್ವೇಷವಿದ್ದಿದ್ದರೆ ಕನಿಷ್ಠ ಅದಕ್ಕೊಂದು ಆಕಾರವಿರುತ್ತಿತ್ತು. ಮೈಯೊಳಗಿನ ರಕ್ತ ಚೀಲಗಟ್ಟಲೆ ಕೊಟ್ಟವಳಿಗೆ ಬಾಯಿಂದ ಒಂದು ‘ಹೂಂ’ ಕೊಡಲಾಗಲಿಲ್ಲ.

ಜನವರಿಯಲ್ಲಿ ಫೋನ್ ಆಫ್ ಮಾಡಿದಾಗ ಗೆಡ್ಡೆಯ ಹೆದರಿಕೆ ನಿಜ. ಆದರೆ ಅದರ ಹಿಂದೆ ಇದೂ ನಿಂತಿತ್ತು.

ಪದ್ಮಶ್ರೀ

•

ಅಟ್ಟೂರು
೧೪ ಜುಲೈ ೨೦೨೪

ಬಾನು,

ಉತ್ತರ ಬೇಕೆಂದು ಬರೆಯುತ್ತಿಲ್ಲ. ನಿರಂಜನ್ ಅವರ ಆಫೀಸಿನಲ್ಲಿ ಗೋಪಿ ಎಂಬವರು ಬಿ ನೆಗೆಟಿವ್. ವಿಷಯ ಹೇಳಿದೆ, ಒಪ್ಪಿದ್ದಾರೆ. ಅವರ ನಂಬರನ್ನು ಅನ್ವರ್‌ಗೆ ಕಳಿಸಿದ್ದೇನೆ. ನನ್ನ ಹೆಸರು ಹೇಳಬೇಕಾಗಿಲ್ಲ.

ಪದ್ಮಶ್ರೀ

•

ಅಬ್ಬಿಗೆರೆ
೪ ಆಗಸ್ಟ್ ೨೦೨೪

ಪದ್ಮಕ್ಕ,

ನಿಮ್ಮ ಜೂನಿನ ಪತ್ರವನ್ನು ಮೊದಲ ದಿನ ಅರ್ಧಕ್ಕೇ ಮಡಿಸಿಟ್ಟೆ. ಒಂದು ವಾರದ ಮೇಲೆ ಉಳಿದರ್ಧ ಓದಿದೆ. ಗಂಗರತ್ನಮ್ಮನವರ ಮೇಲೆ ಇಟ್ಟಿದ್ದ ಸಿಟ್ಟನ್ನು ಎತ್ತಿ ನಿಮ್ಮ ಮೇಲೆ ಇಡಬೇಕಾಯಿತು. ಅದು ಭಾರದ ಕೆಲಸ. ಆರು ತಿಂಗಳು ನಿಮ್ಮನ್ನು ಬಿಟ್ಟುಕೊಡದೆ, ‘ಪದ್ಮಕ್ಕ ಇದ್ದಿದ್ದರೆ ಹೇಳಿ ಕೊಡಿಸುತ್ತಿದ್ದರು, ಆ ಹೊತ್ತಿಗೆ ಅವರು ಊರಿನಲ್ಲಿ ಇರಲಿಲ್ಲವೇನೋ’ ಎಂದು ಅನ್ವರ್ ಜೊತೆ ಜಗಳವಾಡಿದವಳು ನಾನು. ಅವನಿಗೆ ಇನ್ನೂ ಹೇಳಿಲ್ಲ.

ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಯಾಕೆ ಹೇಳಿದರು ಎಂದು ಬಹಳ ದಿನ ಯೋಚಿಸಿದೆ. ಕ್ಷಮೆ ಬೇಕಾಗಿ ಹೇಳಿದ್ದರೆ ಕೊಡುವುದಿಲ್ಲ ಎಂದುಕೊಂಡೆ. ಆಮೇಲೆ ಗೋಪಿಯವರು ಬಂದು ರಕ್ತ ಕೊಟ್ಟರು. ಕೇಳಿದರೂ ನಿಮ್ಮ ಹೆಸರು ಹೇಳಲಿಲ್ಲ. ಯಾರು ಕಳಿಸಿದರು ಎಂದರೆ ಸುಮ್ಮನೆ ಕಾಫಿ ಕುಡಿದರು, ಪಾಪ, ಸುಳ್ಳು ಹೇಳಲು ಬರದ ಮನುಷ್ಯ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಯಾವ ತಿಂಗಳು ಯಾರ ಸರದಿ ಎಂದು ಜೋಯಾ ಬರೆದಿಟ್ಟಿರುತ್ತಾಳೆ. ಸೆಪ್ಟೆಂಬರಿನಲ್ಲಿ ಇನ್ನೂ ನಿಮ್ಮ ಹೆಸರಿತ್ತು. ‘ಅಳಿಸು, ಅವರಿಗೆ ಈ ವರ್ಷ ಕೊಡೋಕಾಗಲ್ಲ’ ಎಂದೆ. ‘ಕೊಡೋಕಾಗ್ದೇ ಇದ್ರೆ ಬರೋಕೂ ಆಗಲ್ವಾ ಅಮ್ಮಿ?’ ಎಂದು ಕೇಳಿದಳು. ಹೆಸರನ್ನು ಹಾಗೇ ಬಿಟ್ಟೆ. ಅವಳಿಗೆ ಮನೆಯ ವಿಷಯ ಹೇಳಿಲ್ಲ. ಹೇಳುವುದಾದರೆ ಅದನ್ನು ನೀವೇ ಹೇಳಬೇಕು.

ಬರುವ ಗುರುವಾರ, ಎಂಟನೇ ತಾರೀಕು, ಅವಳಿಗೆ ರಕ್ತ ಹಾಕುತ್ತಾರೆ. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಮಧ್ಯಾಹ್ನದವರೆಗೆ. ಸ್ಕೂಲಿಗೆ ಇನ್‌ಸ್ಪೆಕ್ಷನ್ ಬರುತ್ತಿದೆ, ನಾನು ಒಂಬತ್ತರಿಂದ ಹನ್ನೆರಡರವರೆಗೆ ಅಲ್ಲಿರಲೇಬೇಕು. ಇಷ್ಟು ವರ್ಷದಲ್ಲಿ ಅವಳನ್ನು ಆ ಹಾಸಿಗೆಯಲ್ಲಿ ಬೇರೆ ಯಾರ ಕೈಗೂ ಬಿಟ್ಟು ಹೋದವಳಲ್ಲ. ಮೊದಲ ಹದಿನೈದು ನಿಮಿಷ ಅವಳಿಗೆ ಚಳಿ ಬಂದೀತು, ಮೈ ಮುಟ್ಟಿ ನೋಡುತ್ತಿರಬೇಕು. ಕೈಯಲ್ಲಿ ಸೂಜಿ ಇರುತ್ತದೆ. ನೋಡಬೇಕು, ಎದ್ದು ಹೋಗಬಾರದು. ಬೀಜಗಣಿತ ಹೇಳಿಕೊಡಿ ಎಂದು ಪ್ರಾಣ ತಿನ್ನುತ್ತಾಳೆ.

ನಾನು ಇನ್ನೂ ಕ್ಷಮಿಸಿಲ್ಲ. ಇದು ಅದಲ್ಲ. ಏನನ್ನೂ ತರಬೇಡಿ.

ವಾರ್ಡಿನ ಬಾಗಿಲಲ್ಲಿ, ರೋಗಿಯ ಜೊತೆ ಕೂರುವವರು ಒಂದು ಫಾರಂ ತುಂಬಬೇಕು. ನಿಮ್ಮ ಹೆಸರು, ವಿಳಾಸ ನಾನೇ ಬರೆದು ಸಿಸ್ಟರ್ ಹತ್ತಿರ ಕೊಟ್ಟಿರುತ್ತೇನೆ. ‘ರೋಗಿಗೆ ಏನಾಗಬೇಕು’ ಎಂದು ಕೆಳಗೊಂದು ಗೆರೆ ಇದೆ. ಅದನ್ನು ಖಾಲಿ ಬಿಟ್ಟಿದ್ದೇನೆ. ನೀವು ಬಂದು ಬರೆಯಿರಿ.

ಬಾನು